ಮೂಲ್ಕಿಯಲ್ಲಿ ಎರಡು ದಿನ, ಹಲಗೆ ಮೇಲೆ ಹನ್ನೊಂದು ಸೆಕೆಂಡು

ಶನಿವಾರ, ಭಾನುವಾರ ಸೇರಿ ನಾನು ಸರ್ಫ್ ಬೋರ್ಡ್ ಮೇಲೆ, ಅಂದರೆ ಕಡಲ ಅಲೆಯಲ್ಲಿ ಜಾರುವ ಹಲಗೆ ಮೇಲೆ, ನಿಂತಿದ್ದು ಒಟ್ಟು ಹನ್ನೊಂದು ಸೆಕೆಂಡು. ಲೆಕ್ಕ ನನ್ನದಲ್ಲ, ಅಕ್ಕನ ಮಗಳದ್ದು. ಮೊಬೈಲಿನಲ್ಲಿ ವಿಡಿಯೋ ಹಿಡಿದು, ಆಮೇಲೆ ನಿಧಾನಕ್ಕೆ ಓಡಿಸಿ, ಕಾಲು ಹಲಗೆಗೆ ತಾಗಿದಲ್ಲಿಂದ ನೀರಿಗೆ ಬಿದ್ದವರೆಗೆ ಎಣಿಸಿದಳು. ಅವಳಿಗೆ ಹದಿನಾರು. ನನಗೆ ನಲವತ್ತನಾಲ್ಕು. ಈಜು ಬರುತ್ತದೆ, ಆದರೆ ಬೆಂಗಳೂರಿನ ಈಜುಕೊಳದ ಈಜು.

ಇದು ಎರಡನೇ ಪ್ರಯತ್ನ. ಹಿಂದಿನ ವರ್ಷ ಮಳೆಯಲ್ಲಿ ಕಡಲು ಚೆನ್ನಾಗಿರುತ್ತದೆ ಅಂತ ಯಾರೋ ಹೇಳಿದ್ದು ಕೇಳಿ ಜೂನ್‌ನಲ್ಲಿ ಮೂಲ್ಕಿಗೆ ಹೋಗಿದ್ದೆ. ಚೆನ್ನಾಗಿಯೇ ಇತ್ತು, ದೂರದಿಂದ ನೋಡುವುದಕ್ಕೆ. ನೀರಿಗೆ ಇಳಿಯುವ ಮಾತೇ ಇಲ್ಲ. ನನ್ನಂಥ ಹೊಸಬರನ್ನು ಆಗ ಯಾರೂ ನೀರಿಗೆ ಕರೆದುಕೊಂಡು ಹೋಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ಹಾಗಾಗಿ ತಾಜಾ ಬಂಗುಡೆಯ ಆಸೆಯೂ ಹೋಯಿತು. ಎರಡು ದಿನ ಲಾಡ್ಜ್ ಕಿಟಕಿಯಲ್ಲಿ ಮಳೆ ನೋಡಿ ವಾಪಸ್ ಬಂದೆ. ಈ ಸಲ ಜನವರಿ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಇಲ್ಲಿ ಅಲೆಗಳು ಸಣ್ಣವು, ಕಲಿಯುವವರಿಗೆ ಅದೇ ಸರಿ. ಏಪ್ರಿಲ್, ಮೇ ಬಂದ ಹಾಗೆ ಅಲೆ ದೊಡ್ಡದಾಗುತ್ತದೆ, ಅದು ಬಲ್ಲವರ ಕಾಲ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಪಕ್ಕದ ಸಸಿಹಿತ್ಲು ಕಡಲ ತೀರದಲ್ಲಿ ನಡೆದದ್ದು ಮೇ ಕೊನೆಯಲ್ಲೇ.

ಮಂಗಳೂರಿನಿಂದ ಉಡುಪಿ ಕಡೆಗೆ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಮೂಲ್ಕಿ. ಬೆಂಗಳೂರಿನಿಂದ ಉಡುಪಿ, ಕುಂದಾಪುರದ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವ ಮೊದಲೇ ಇಳಿಯಬಹುದು. ಹೆದ್ದಾರಿಯಿಂದ ನೋಡಿದರೆ ಇದು ಸರ್ಫಿಂಗ್ ಊರು ಅಂತ ಗೊತ್ತಾಗುವುದೇ ಇಲ್ಲ. ಬಸ್ ಸ್ಟ್ಯಾಂಡ್, ಹೂವಿನ ಅಂಗಡಿ, ಮೆಡಿಕಲ್ ಶಾಪ್, ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ. ಆ ದೇವಸ್ಥಾನ ಕಟ್ಟಿಸಿದ್ದು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಎಂಬುದು ಐತಿಹ್ಯ. ಇಂಥ ಊರಿಗೆ ಸರ್ಫಿಂಗ್ ತಂದದ್ದು ಅಮೆರಿಕದ ಜ್ಯಾಕ್ ಹೆಬ್ನರ್ ಎಂಬ ವೈಷ್ಣವ ಸಂನ್ಯಾಸಿ. ‘ಸರ್ಫಿಂಗ್ ಸ್ವಾಮಿ’ ಅಂತಲೇ ಹೆಸರಾದವರು. ಅವರು ಇಲ್ಲಿ ಆಶ್ರಮ ಮಾಡಿಕೊಂಡು, ಶಿಷ್ಯರ ಜೊತೆ ಬೆಳಿಗ್ಗೆ ಜಪ, ಆಮೇಲೆ ಅಲೆ ಅಂತ ಇದ್ದುಬಿಟ್ಟರು. ಬಪ್ಪ ಬ್ಯಾರಿಯ ಊರಿಗೆ ಇದು ಅಂಥ ಆಶ್ಚರ್ಯ ಆಗಿರಲಿಕ್ಕಿಲ್ಲ.

ಶನಿವಾರ ಏಳು ಗಂಟೆಗೆ ಕಡಲ ದಂಡೆಯಲ್ಲಿ ನಿಂತಿದ್ದೆವು. ಕಲಿಸುವ ಹುಡುಗ ಮೀನುಗಾರರ ಮನೆಯವನು, ಇಪ್ಪತ್ತನಾಲ್ಕು ಇರಬಹುದು. ಮೊದಲು ನಮ್ಮನ್ನು ನೀರಿಗೆ ಬಿಡಲೇ ಇಲ್ಲ. ನೇರ ನಿಲ್ಲಿಸಿ, ಹೇಳದೆ ಕೇಳದೆ ಹಿಂದಿನಿಂದ ಮೆಲ್ಲಗೆ ತಳ್ಳಿದ. ಬೀಳದಿರಲು ನಾನು ಎಡಗಾಲು ಮುಂದಿಟ್ಟೆ. ಹಾಗಾದರೆ ಹಲಗೆ ಮೇಲೂ ಎಡಗಾಲೇ ಮುಂದೆ, ಲೀಶ್ ಬಲಗಾಲಿಗೆ. ಲೀಶ್ ಅಂದರೆ ಹಲಗೆಯನ್ನು ಪಾದದ ಗಂಟಿಗೆ ಕಟ್ಟುವ ಹಗ್ಗ. ಆಮೇಲೆ ಮರಳಲ್ಲಿ ಒಂದು ಗೆರೆ ಎಳೆದು, ಅದರ ಮೇಲೆ ಬೋರಲು ಮಲಗಿಸಿದ. ಕೈ ಎದೆಯ ಪಕ್ಕ ಊರಬೇಕು, ಒಂದೇ ಏಟಿಗೆ ಮೈ ಎತ್ತಬೇಕು, ಮುಂದಿನ ಪಾದ ಎರಡೂ ಕೈಗಳ ನಡುವೆ ಬಂದು ಕೂರಬೇಕು, ಮಂಡಿ ಬಾಗಿರಬೇಕು. ಮಂಡಿಯೂರಿ ಏಳುವುದು ಮಾತ್ರ ಬೇಡವೇ ಬೇಡ ಅಂದ. ಮಂಡಿಯೂರಿದವರು ಮಂಡಿಯೂರಿಯೇ ಉಳಿಯುತ್ತಾರಂತೆ. ಹದಿನೈದು ಸಲ ಮಾಡಿದ ಮೇಲೆ ನನಗೆ ಏದುಸಿರು. ಕಡಲು ಇನ್ನೂ ಹತ್ತು ಹೆಜ್ಜೆ ದೂರ ಇತ್ತು.

ಕೊಟ್ಟಿದ್ದು ಒಂಬತ್ತು ಅಡಿಯ ಫೋಮ್ ಬೋರ್ಡ್. ಮೆತ್ತಗಿರುತ್ತದೆ, ಅಗಲ ಜಾಸ್ತಿ, ಬಡಿದರೂ ಪೆಟ್ಟು ಕಡಿಮೆ. ಬಡಿಯುತ್ತದೆ ಮಾತ್ರ. ಸೊಂಟದ ನೀರಲ್ಲಿ ನಡೆಯುವಾಗ ಹಲಗೆಯನ್ನು ಪಕ್ಕದಲ್ಲಿ, ಮೂತಿ ಅಲೆಯ ಕಡೆಗೆ ಇರುವಂತೆ ಹಿಡಿಯಬೇಕು. ನಿಮಗೂ ಅಲೆಗೂ ನಡುವೆ ಅದು ಎಂದೂ ಅಡ್ಡ ಬರಬಾರದು. ಇದನ್ನು ಅವನು ಎರಡು ಸಲ ಹೇಳಿದ್ದ. ಎಂಟು ನಿಮಿಷದೊಳಗೆ ನಾನು ಅಡ್ಡ ಹಿಡಿದೆ. ಮೊಣಕಾಲೆತ್ತರದ ಒಂದು ಜುಜುಬಿ ಅಲೆ ಬಂದು ಹಲಗೆಯನ್ನು ನನ್ನ ತುಟಿಗೆ ಕೊಟ್ಟಿತು. ರಕ್ತ, ಉಪ್ಪು ಎರಡೂ ಒಟ್ಟಿಗೆ ಬಾಯಿಗೆ ಬಂತು. ಅಕ್ಕನ ಮಗಳು ದಡದಿಂದಲೇ, “ಮಾಮಾ, ಹಲ್ಲು ಇದೆಯಾ?” ಅಂದಳು.

ಹೊಸಬರಿಗೆ ಒಡೆದ ಅಲೆಯೇ ಪಾಠಶಾಲೆ. ದೂರದಲ್ಲಿ ಏಳುವ ನೀಲಿ ಅಲೆ ಅಲ್ಲ, ಅದು ಒಡೆದು ಬಿಳಿ ನೊರೆಯಾಗಿ ದಡಕ್ಕೆ ನುಗ್ಗುತ್ತದಲ್ಲ, ಅದು. ನೀವು ದಡದ ಕಡೆ ಮುಖ ಮಾಡಿ ಹಲಗೆ ಮೇಲೆ ಮಲಗಿರುತ್ತೀರಿ. ಹಿಂದೆ ಹುಡುಗ ಹಲಗೆಯ ಬಾಲ ಹಿಡಿದಿರುತ್ತಾನೆ. ಮೊದಲು ಸದ್ದು ಬರುತ್ತದೆ, ಒಲೆ ಮೇಲೆ ಹಾಲು ಉಕ್ಕುವ ಹಾಗೆ. ಆಮೇಲೆ ಹಿಮ್ಮಡಿ ಮೇಲೇಳುತ್ತದೆ. ಅವನು ತಳ್ಳುತ್ತಾನೆ. ಹಲಗೆ ಜಾರುವುದು ನೀರಿನ ಮೇಲೆ ಅಂತ ಅನಿಸುವುದೇ ಇಲ್ಲ, ಎಣ್ಣೆ ಹಚ್ಚಿದ ನೆಲದ ಮೇಲೆ ಅನಿಸುತ್ತದೆ. ಅಲ್ಲಿ ಎದ್ದು ನಿಲ್ಲಬೇಕು. ನಾನು ಎದ್ದೆ, ಕಾಲು ಎಲ್ಲಿದೆ ಅಂತ ನೋಡಿದೆ, ಬಿದ್ದೆ. ಮತ್ತೆ ಎದ್ದೆ, ಮತ್ತೆ ನೋಡಿದೆ.

“ಸರ್, ಕಾಲು ನೋಡ್ಲಿಕ್ಕಿಲ್ಲ ಮಾರಾಯ್ರೆ. ಎದುರು ತೆಂಗಿನಮರ ಉಂಟಲ್ಲ, ಸ್ವಲ್ಪ ವಾಲಿದ್ದು, ಅದನ್ನು ನೋಡಿ. ನೋಡಿದ ಕಡೆಗೆ ಮೈ ಹೋಗ್ತದೆ.”

ಯಾವ ತೆಂಗಿನಮರ? ಕನ್ನಡಕ ಬ್ಯಾಗಿನಲ್ಲಿತ್ತು. ನನಗೆ ಮೈನಸ್ ನಾಲ್ಕು. ಎದುರಿಗೆ ಕಂಡಿದ್ದು ಉದ್ದಕ್ಕೆ ಒಂದು ಹಸಿರು ಗೀಟು ಅಷ್ಟೇ. ಇದನ್ನು ಹೇಳಲು ನಾಚಿಕೆಯಾಗಿ ಸುಮ್ನೆ ತಲೆ ಅಲ್ಲಾಡಿಸಿದೆ. ಕನ್ನಡಕ ಹಾಕುವವರು ಮೊದಲೇ ಹೇಳಿಬಿಡಿ, ಇಲ್ಲವಾದರೆ ಕೈಸನ್ನೆ ಮಾಡಿ ಕರೆಯುವವರೂ ನಿಮಗೆ ಕಾಣಿಸುವುದಿಲ್ಲ. ಅಕ್ಕನ ಮಗಳು ಅಷ್ಟರಲ್ಲಿ ಮೂರು ಸಲ ದಡದವರೆಗೆ ನಿಂತುಕೊಂಡೇ ಹೋಗಿದ್ದಳು.

ಬೀಳುವುದಕ್ಕೂ ಒಂದು ರೀತಿ ಇದೆ. ನೀರು ಆಳವಿಲ್ಲ, ತಲೆ ಮೊದಲು ಹೋಗಬಾರದು. ಚಪ್ಪಟೆಯಾಗಿ, ಬೆನ್ನಿನ ಮೇಲೆ ಬಿದ್ದರೆ ಒಳ್ಳೆಯದು. ಮೇಲೆ ಬರುವಾಗ ತೋಳು ತಲೆಗೆ ಅಡ್ಡ ಇರಲಿ, ಲೀಶ್ ಎಳೆದುಕೊಂಡು ಹಲಗೆ ವಾಪಸ್ ಬರುತ್ತಿರುತ್ತದೆ. ಇನ್ನೊಂದು, ಸಸಿಹಿತ್ಲು ಹತ್ತಿರ ಶಾಂಭವಿ, ನಂದಿನಿ ಎರಡೂ ನದಿಗಳು ಸೇರಿ ಕಡಲಿಗೆ ಬೀಳುವ ಅಳಿವೆ ಇದೆ. ನೋಡಲು ಬಹಳ ಚಂದ. ನೀರು ಇಳಿಯುವ ಹೊತ್ತಿನಲ್ಲಿ ನದಿ, ಕಡಲು ಎರಡೂ ಸೇರಿ ಹೊರಗೆ ಸೆಳೆಯುತ್ತವೆ. ಅಲ್ಲಿನ ಮರಳ ದಂಡೆ ಮಳೆಗಾಲದಿಂದ ಮಳೆಗಾಲಕ್ಕೆ ಆಕಾರ ಬದಲಿಸುತ್ತದೆ, ಕಡಲ್ಕೊರೆತ ಬೇರೆ. ಹೋದ ವರ್ಷ ನೀರಿಗಿಳಿದ ಜಾಗ ಈ ವರ್ಷವೂ ಹಾಗೇ ಇರುತ್ತದೆ ಅಂತ ಇಲ್ಲ. ಊರವರನ್ನು ಕೇಳದೆ ಅಲ್ಲಿ ಇಳಿಯಬೇಡಿ.

ಒಂಬತ್ತೂವರೆಗೆ ಎಲ್ಲ ಮುಗಿಯಿತು. ಹೋಟೆಲಿಗೆ ಹೋಗಿ ಬಿಸಿ ಬನ್ಸ್ ತಿಂದೆವು. ಬಾಳೆಹಣ್ಣು, ಜೀರಿಗೆ ಹಾಕಿದ ಆ ಉಬ್ಬಿದ ಬನ್ಸ್ ಹರಿದರೆ ಹಬೆ ಮುಖಕ್ಕೆ ಬರುತ್ತದೆ. ಒಡೆದ ತುಟಿಗೆ ಚಟ್ನಿ ತಾಗಿ ಕಣ್ಣಲ್ಲಿ ನೀರು. ಆದರೂ ನಾಲ್ಕು ತಿಂದೆ.

ಆಮೇಲೆ ನನ್ನ ತಪ್ಪು. ಬೆಂಗಳೂರಿನ ಬುದ್ಧಿ, ದುಡ್ಡು ಕೊಟ್ಟು ಬಂದಿದ್ದೇವೆ, ದಿನವಿಡೀ ಆಡೋಣ ಅಂತ. ಮೂರು ಗಂಟೆಗೆ ಮತ್ತೆ ಹಲಗೆ ಕೇಳಿದೆ. “ಈಗ ಬೇಡ ಸರ್, ಗಾಳಿ ತಿರುಗಿತು” ಅಂದ ಹುಡುಗ. ಬೆಳಿಗ್ಗೆ ಗಾಳಿ ನೆಲದಿಂದ ಕಡಲ ಕಡೆಗೆ ಬೀಸುತ್ತದೆ, ಅಲೆಯ ಮುಖ ನಯವಾಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಕಡಲಿನಿಂದ ಬರುತ್ತದೆ, ಅಲೆಗಳೆಲ್ಲ ಹರಕು ಮುರುಕು. ನಾನು ಹಟ ಮಾಡಿದೆ. ಒಂಬತ್ತು ಅಡಿ ಹಲಗೆ ಗಾಳಿಗೆ ಪಟದ ಹಾಗೆ ತಿರುಗಿತು. ನಲವತ್ತು ನಿಮಿಷದಲ್ಲಿ ಒಂದು ಸಲವೂ ಏಳಲಿಲ್ಲ. ಹೊಟ್ಟೆಯ ಚರ್ಮ ಹಲಗೆಗೆ ಉಜ್ಜಿ ಕೆಂಪಾಯಿತು. ರಾತ್ರಿ ಸ್ನಾನಕ್ಕೆ ಬಿಸಿನೀರು ಹಾಕಿಕೊಂಡಾಗ ಗೊತ್ತಾಯಿತು ಅದರ ಬೆಲೆ. ಮೈಗಂಟುವ, ತುಂಬು ತೋಳಿನ ಅಂಗಿ ಹಾಕಿ. ಮಂಡಿಯ ಹಿಂಭಾಗಕ್ಕೂ ಸನ್‌ಸ್ಕ್ರೀನ್ ಹಚ್ಚಿ, ಅಲ್ಲಿ ಸುಡುತ್ತದೆ ಅಂತ ಯಾರೂ ಹೇಳುವುದಿಲ್ಲ.

ಸಂಜೆ ಶಾಂಭವಿಯಲ್ಲಿ ಕಯಾಕ್ ಹತ್ತಿದೆವು. ಕಡಲಿನಿಂದ ಹೆಚ್ಚು ದೂರವಿಲ್ಲ, ಆದರೆ ನದಿಗೆ ಕಡಲಿನ ಗಲಾಟೆ ಗೊತ್ತೇ ಇಲ್ಲದ ಹಾಗೆ. ಕಾಂಡ್ಲಾ ಗಿಡಗಳ ಬೇರು ನೀರಿನಿಂದ ಎದ್ದು ನಿಂತಿದ್ದವು. ನೀರಿಳಿದ ಕಡೆ ಇಬ್ಬರು ಹೆಂಗಸರು ಬಗ್ಗಿ ಮರುವಾಯಿ, ಅಂದರೆ ಚಿಪ್ಪುಮೀನು, ಹೆಕ್ಕುತ್ತಿದ್ದರು. ಕಾಲಿನಿಂದಲೇ ಕೆಸರಲ್ಲಿ ಹುಡುಕಿ, ಸಿಕ್ಕಿದ ಚಿಪ್ಪನ್ನು ಪಕ್ಕದಲ್ಲಿ ತೇಲುತ್ತಿದ್ದ ಪಾತ್ರೆಗೆ ಹಾಕುತ್ತಿದ್ದರು. ಟಣ್, ಟಣ್. ನಾವು ಹುಟ್ಟು ಹಾಕುವುದು ಬಿಟ್ಟು ನೋಡುತ್ತಾ ಕೂತೆವು. ಅವರು ತಲೆ ಎತ್ತಿ “ದಾಯೆ, ಬೋಡಾ?” ಅಂತ ನಕ್ಕರು. ಯಾಕೆ, ಬೇಕಾ ಅಂತ. ನನಗೆ ಬರುವ ತುಳು ಅಷ್ಟೇ, ಅದೃಷ್ಟಕ್ಕೆ ಅಷ್ಟೇ ಕೇಳಿದರು.

ಭಾನುವಾರ ಬೆಳಿಗ್ಗೆ ಕೈ ಎತ್ತಲಾಗುತ್ತಿರಲಿಲ್ಲ. ಪಕ್ಕೆಲುಬು ನೋವು. ಆದರೂ ಏಳಕ್ಕೆ ಹೋದೆ, ಮೊದಲೇ ಕನ್ನಡಕದ ವಿಷಯ ಒಪ್ಪಿಕೊಂಡೆ. ಹುಡುಗ ನಗಲಿಲ್ಲ. ಕ್ಷಣ ಯೋಚಿಸಿ, ಅಕ್ಕನ ಮಗಳನ್ನು ದಡದಲ್ಲಿ ನಿಲ್ಲಿಸಿ, ಅವಳ ಕೈಗೆ ಒಂದು ಕಿತ್ತಳೆ ಬಣ್ಣದ ಟವೆಲ್ ಕೊಟ್ಟು ಬೀಸಲು ಹೇಳಿದ. “ತೆಂಗಿನಮರ ಬೇಡ ಸರ್. ಆ ಕಿತ್ತಳೆ ಕಾಣ್ತದಾ? ಅದನ್ನೇ ನೋಡಿ.”

ಕಂಡಿತು. ಆರನೇ ಅಲೆಗೆ ನಿಂತೆ. ಎರಡು ಸೆಕೆಂಡು. ಆಮೇಲೆ ಒಂದು. ಆಮೇಲೆ ಮೂರು. ಕೊನೆಯದಕ್ಕೆ ಕಿತ್ತಳೆ ದೊಡ್ಡದಾಗುತ್ತಾ ದೊಡ್ಡದಾಗುತ್ತಾ ಬಂತು, ಅವಳು ಟವೆಲ್ ಬಿಸಾಡಿ ಪಕ್ಕಕ್ಕೆ ಓಡಿದಳು, ಹಲಗೆಯ ಮೂತಿ ಮರಳಿಗೆ ಕುಟ್ಟಿತು, ನಾನು ಅವಳು ನಿಂತಿದ್ದ ಜಾಗದಲ್ಲಿ ಬೋರಲು ಬಿದ್ದೆ. ಟವೆಲ್ ನನ್ನ ಮುಖದ ಕೆಳಗಿತ್ತು.

“ಐದು,” ಅಂದಳು, ದಡದಲ್ಲಿ ನೆಟ್ಟಿದ್ದ ಮೊಬೈಲ್ ಎತ್ತಿಕೊಳ್ಳುತ್ತಾ. “ಆದರೆ ಕೊನೇದು ಮರಳ ಮೇಲೆ ಮಾಮ. ಅದನ್ನ ಸೇರಿಸ್ಲಾ, ಬೇಡ್ವಾ?”

ಸೇರಿಸು ಅಂದೆ.