ಒಂದೇ ಸೂರಿನಡಿ ಬೇರೆ ಬೇರೆ ನಂಬಿಕೆ: ಚಳಿಗಾಲದ ಹಬ್ಬಗಳನ್ನು ಜೊತೆಯಾಗಿ ಆಚರಿಸುವ ಬಗೆ

ಎರಡು ಬೇರೆ ನಂಬಿಕೆಗಳಲ್ಲಿ ಬೆಳೆದವರು ಒಂದೇ ಮನೆಯಲ್ಲಿ ಬಾಳುವಾಗ, ವರ್ಷವಿಡೀ ತಲೆ ಎತ್ತದ ಪ್ರಶ್ನೆಗಳು ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ಒಂದೊಂದಾಗಿ ಎದುರಿಗೆ ಬಂದು ನಿಲ್ಲುತ್ತವೆ. ದೇವರ ಸ್ವರೂಪದ ಬಗ್ಗೆ ಜಗಳವಾಗುವುದು ಅಪರೂಪ. ಪ್ರಾರ್ಥನೆ ನಡೆಯುವಾಗ ಅದನ್ನು ನಂಬದವರು ಎಲ್ಲಿ ನಿಲ್ಲಬೇಕು, ಕಿಟಕಿಯ ಬಳಿಯ ಮೇಜು ಯಾವ ಹಬ್ಬದ ದೀಪಕ್ಕೆ, ಯೇಸುವಿನ ಜನನವನ್ನು ತೋರಿಸುವ, ಅಜ್ಜಿ ಕೊಟ್ಟ ಗೋದಲಿಯ ಬೊಂಬೆಗಳನ್ನು ಹೊರಗಿಡುವುದೋ ಪೆಟ್ಟಿಗೆಯಲ್ಲೇ ಬಿಡುವುದೋ ಎಂಬಂಥ ಸಣ್ಣ ಸಂಗತಿಗಳಲ್ಲೇ ಮನಸ್ಸು ನೋಯುತ್ತದೆ. ಇಂಥ ಮನೆಗಳಿಗೆ ನಾನು ಕೊಡುವ ಮೊದಲ ಸಲಹೆ ಇದು: ಹಬ್ಬಗಳನ್ನು ಕಲಸಿ ಒಂದು ಮಾಡಲು ಹೋಗಬೇಡಿ. ಪ್ರತಿಯೊಂದನ್ನೂ ಅದರ ಅರ್ಥ ಕೆಡದಂತೆ ಅಕ್ಕಪಕ್ಕದಲ್ಲಿ ಇಟ್ಟು, ಎಲ್ಲರಿಗೂ ನಿಜವಾಗಿ ಸೇರಿದ್ದನ್ನು ಮಾತ್ರ ಒಟ್ಟಿಗೆ ಮಾಡಿ.

ಮಾತುಕತೆ ಮೊದಲು

ಈ ಮಾತುಕತೆಯನ್ನು ಅಕ್ಟೋಬರ್ ತಿಂಗಳಲ್ಲೇ ಮುಗಿಸುವುದು ಒಳ್ಳೆಯದು. ಹಬ್ಬದ ಹಿಂದಿನ ದಿನ ಕೇಳಿದ ಪ್ರಶ್ನೆ ಎಷ್ಟೇ ಮೃದುವಾಗಿದ್ದರೂ ಆಕ್ಷೇಪಣೆಯಂತೆ ಕೇಳಿಸುತ್ತದೆ. ಮನೆಯ ಹಿರಿಯರೆಲ್ಲರೂ ಒಬ್ಬರದನ್ನು ಇನ್ನೊಬ್ಬರು ನೋಡದೆ, ಬೇರೆ ಬೇರೆ ಹಾಳೆಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲಿ. ಯಾವ ಆಚರಣೆ ಇಲ್ಲದಿದ್ದರೆ ನನಗೆ ಹಬ್ಬವಾದಂತೆಯೇ ಅನಿಸುವುದಿಲ್ಲ? ಯಾವುದನ್ನು ನಾನಾಗಿ ಮಾಡದಿದ್ದರೂ ಪಕ್ಕದಲ್ಲಿ ನಿಂತು ಸಂತೋಷದಿಂದ ನೋಡಬಲ್ಲೆ? ಯಾವುದು ನನ್ನಿಂದ ಸಾಧ್ಯವೇ ಇಲ್ಲ?

ಮೂರನೆಯ ಪ್ರಶ್ನೆಯ ಉತ್ತರಕ್ಕೆ ಕಾರಣ ಕೇಳಬಾರದು. ಯೆಹೂದ್ಯ ಮನೆತನದಿಂದ ಬಂದವರಿಗೆ, ಅಲಂಕರಿಸಿದ ಕ್ರಿಸ್‌ಮಸ್ ಮರ ಮನೆಯೊಳಗೆ ಬಂದರೆ ತಲೆಮಾರುಗಳು ಕಾಪಾಡಿಕೊಂಡು ಬಂದದ್ದನ್ನು ತಾವು ಕೈಬಿಟ್ಟಂತೆ ಅನಿಸಬಹುದು. ಮುಸ್ಲಿಮರು ಯೇಸುವನ್ನು ಈಸಾ ಎಂಬ ಪ್ರವಾದಿಯಾಗಿ ಗೌರವಿಸುತ್ತಾರೆಯೇ ಹೊರತು, ದೇವಪುತ್ರನೆಂದು ಸಂಬೋಧಿಸುವ ಪ್ರಾರ್ಥನೆಗೆ ದನಿಗೂಡಿಸಲಾರರು. ಭಕ್ತ ಕ್ರೈಸ್ತರಿಗೆ, ಯೇಸುವಿನ ಹೆಸರೇ ಇಲ್ಲದೆ ಉಡುಗೊರೆ ಮತ್ತು ದೀಪಾಲಂಕಾರದಲ್ಲೇ ಮುಗಿಯುವ ಕ್ರಿಸ್‌ಮಸ್ ಖಾಲಿ ಪಾತ್ರೆಯಂತೆ ಕಾಣಬಹುದು. ದೇವರನ್ನು ನಂಬದವರಿಗೂ ಇಂಥದೇ ಒಂದು ಗಡಿ ಇರುತ್ತದೆ. ನಂಬದ ಮಾತನ್ನು ಬಾಯಲ್ಲಿ ಹೇಳುವುದು ಅವರಿಗೆ ಸುಳ್ಳು ಹೇಳಿದ ಹಾಗೆ.

‘ನಿಮ್ಮ ಧರ್ಮದಲ್ಲಿ ಇದು ಇದೆಯಲ್ಲ’ ಎಂದು ಇನ್ನೊಬ್ಬರ ಪರವಾಗಿ ತೀರ್ಮಾನಿಸುವುದು ಇಲ್ಲಿ ನಡೆಯುವ ದೊಡ್ಡ ತಪ್ಪು. ಒಂದೇ ಧರ್ಮದೊಳಗೂ ಈ ಹಬ್ಬಗಳ ವಿಷಯದಲ್ಲಿ ಎಂದೂ ಒಮ್ಮತ ಇದ್ದದ್ದಿಲ್ಲ. ಕಟ್ಟಾ ಕ್ರೈಸ್ತರಾದ ಪ್ಯೂರಿಟನ್ನರು ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಣೆಯನ್ನೇ ನಿಷೇಧಿಸಿ, ಆಚರಿಸಿದವರಿಗೆ ಐದು ಶಿಲಿಂಗ್ ದಂಡ ವಿಧಿಸಿದ್ದರು; ಯೆಹೋವನ ಸಾಕ್ಷಿಗಳು ಎಂಬ ಪಂಗಡದವರು ಇಂದಿಗೂ ಕ್ರಿಸ್‌ಮಸ್ ಆಚರಿಸುವುದಿಲ್ಲ. ಆದ್ದರಿಂದ ಧರ್ಮ ಏನು ಹೇಳುತ್ತದೆ ಎನ್ನುವುದಕ್ಕಿಂತ, ಎದುರಿಗೆ ಕುಳಿತ ಈ ವ್ಯಕ್ತಿಗೆ ಏನು ಮುಖ್ಯ ಎನ್ನುವುದನ್ನೇ ಕೇಳಿ ತಿಳಿಯಬೇಕು.

ದಿನಗಳ ಲೆಕ್ಕ

ಎಲ್ಲ ಹಬ್ಬಗಳೂ ಡಿಸೆಂಬರ್ ಕೊನೆಯ ವಾರದಲ್ಲೇ ಬರುತ್ತವೆ ಎಂಬ ಭಾವನೆಯಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಒಂದು ದೊಡ್ಡ ಕ್ಯಾಲೆಂಡರ್ ತೆಗೆದುಕೊಂಡು ನವೆಂಬರ್ ಕೊನೆಯಿಂದ ಜನವರಿ ಎರಡನೆಯ ವಾರದವರೆಗೆ ಗುರುತು ಹಾಕಿ ನೋಡಿದರೆ, ಪ್ರತಿಯೊಂದಕ್ಕೂ ಸಾಕಷ್ಟು ಜಾಗವಿರುವುದು ಕಣ್ಣಿಗೆ ಕಾಣುತ್ತದೆ. ಯೇಸುವಿನ ಜನನದ ಹಬ್ಬಕ್ಕೆ ಸಿದ್ಧವಾಗುವ ಕ್ರೈಸ್ತರ ಆಗಮನ ಕಾಲವು ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕನೆಯ ಭಾನುವಾರದಿಂದ, ಅಂದರೆ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವಿನ ಒಂದು ದಿನದಿಂದ ಆರಂಭವಾಗುತ್ತದೆ. ಬುದ್ಧನಿಗೆ ಜ್ಞಾನೋದಯವಾದ ದಿನವನ್ನು ಜಪಾನಿನ ಸಂಪ್ರದಾಯದವರು ಡಿಸೆಂಬರ್ 8ರಂದು ಧ್ಯಾನದಲ್ಲಿ ಕಳೆಯುತ್ತಾರೆ. ಸೂರ್ಯನ ದಕ್ಷಿಣದ ಪಯಣ ಮುಗಿಯುವ, ಉತ್ತರಾರ್ಧಗೋಳದ ಅತಿ ದೀರ್ಘ ರಾತ್ರಿ ಸಾಮಾನ್ಯವಾಗಿ ಡಿಸೆಂಬರ್ 21 ಅಥವಾ 22ಕ್ಕೆ ಬರುತ್ತದೆ. ಹಳೆಯ ಜೂಲಿಯನ್ ಪಂಚಾಂಗವನ್ನು ಅನುಸರಿಸುವ ಆರ್ಥೊಡಾಕ್ಸ್ ಕ್ರೈಸ್ತರ ಡಿಸೆಂಬರ್ 25 ಈಗಿನ ಕ್ಯಾಲೆಂಡರಿನಲ್ಲಿ ಜನವರಿ 7 ಆಗುತ್ತದೆ.

ಹನುಕ್ಕಾ ಮಾತ್ರ ಪ್ರತಿ ವರ್ಷ ಜಾಗ ಬದಲಿಸುತ್ತದೆ. ಯೆಹೂದ್ಯ ಪಂಚಾಂಗದ ಕಿಸ್ಲೇವ್ ತಿಂಗಳ 25ಕ್ಕೆ ಆರಂಭವಾಗುವ ಈ ಎಂಟು ದಿನಗಳ ಹಬ್ಬದ ಮೊದಲ ದೀಪವನ್ನು 2024ರಲ್ಲಿ ಕ್ರಿಸ್‌ಮಸ್ ದಿನದ ಸಂಜೆಯೇ ಹಚ್ಚಲಾಯಿತು. 2025ರಲ್ಲಿ ಅದು ಡಿಸೆಂಬರ್ 14ರ ಸಂಜೆಗೆ ಸರಿಯಿತು, 2026ರಲ್ಲಿ ಡಿಸೆಂಬರ್ 4ರ ಸಂಜೆಗೆ ಬರುತ್ತದೆ. ಎರಡು ಹಬ್ಬಗಳು ಒಂದರ ಮೇಲೊಂದು ಬೀಳುವ ವರ್ಷದಲ್ಲಿ ಯಾವ ಹೊತ್ತು ಯಾವುದಕ್ಕೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು: ಬೆಳಗು ಕ್ರಿಸ್‌ಮಸ್‌ಗೆ, ಕತ್ತಲಾದ ಮೇಲಿನ ಹೊತ್ತು ಹನುಕ್ಕಾಗೆ ಎಂದು ಹಂಚಿಕೊಂಡರೆ ಎರಡಕ್ಕೂ ಸಲ್ಲುವ ಗೌರವ ಸಲ್ಲುತ್ತದೆ.

ಮುಸ್ಲಿಮರ ಚಾಂದ್ರಮಾನ ವರ್ಷವು ಸೌರಮಾನಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ರಂಜಾನ್ ಎಲ್ಲ ಋತುಗಳಲ್ಲೂ ಸುತ್ತಿ ಬರುತ್ತದೆ. 2030ರಲ್ಲಿ ಅದು ಜನವರಿ ಆರಂಭದಲ್ಲಿ ಒಮ್ಮೆ, ಡಿಸೆಂಬರ್ ಕೊನೆಯಲ್ಲಿ ಇನ್ನೊಮ್ಮೆ, ಹೀಗೆ ಒಂದೇ ವರ್ಷದಲ್ಲಿ ಎರಡು ಬಾರಿ ಆರಂಭವಾಗುತ್ತದೆ. ಆ ವರ್ಷಗಳಲ್ಲಿ ಕ್ರೈಸ್ತ ಮತ್ತು ಮುಸ್ಲಿಮರು ಕೂಡಿರುವ ಮನೆ ಹಬ್ಬದ ದೊಡ್ಡ ಊಟವನ್ನು ಮಧ್ಯಾಹ್ನದಿಂದ ಸೂರ್ಯಾಸ್ತದ ನಂತರಕ್ಕೆ ಸರಿಸಿದರೆ ಸಾಕು, ಒಬ್ಬರ ಉಪವಾಸ ಬಿಡುವ ಹೊತ್ತೇ ಎಲ್ಲರ ಹಬ್ಬದೂಟದ ಹೊತ್ತಾಗುತ್ತದೆ.

ಆತಿಥೇಯರು ಮತ್ತು ಅತಿಥಿಗಳು

ಬಹುತೇಕ ಎಲ್ಲ ಇಕ್ಕಟ್ಟುಗಳನ್ನೂ ಬಿಡಿಸುವ ಒಂದು ಸರಳ ಏರ್ಪಾಡು ಇದೆ. ಯಾರ ಹಬ್ಬವೋ ಆ ದಿನ ಅವರು ಆತಿಥೇಯರು, ಮನೆಯ ಉಳಿದವರು ಅತಿಥಿಗಳು. ಆತಿಥೇಯರು ಆಚರಣೆಯನ್ನು ನಡೆಸುತ್ತಾರೆ, ಅದರ ಕಥೆಯನ್ನು ಹೇಳುತ್ತಾರೆ, ಯಾವ ಭಾಗಕ್ಕೆ ಅತಿಥಿಗಳು ಕೈಜೋಡಿಸಬಹುದು ಎಂದು ಆಹ್ವಾನಿಸುತ್ತಾರೆ. ಅತಿಥಿಗಳು ಊಟ ಮಾಡಬಹುದು, ಕೇಳಬಹುದು, ಮೌನವಾಗಿ ಜೊತೆಗೆ ನಿಲ್ಲಬಹುದು; ಪ್ರಾರ್ಥಿಸಬೇಕಾದ ಬಾಧ್ಯತೆ ಅವರಿಗಿಲ್ಲ, ಆಚರಣೆಯನ್ನು ತಿದ್ದುವ ಅಧಿಕಾರವೂ ಇಲ್ಲ. ಮುಂದಿನ ಹಬ್ಬದಲ್ಲಿ ಪಾತ್ರಗಳು ಅದಲುಬದಲಾಗುತ್ತವೆ.

ಅತಿಥಿಯಾಗಿ ನಿಲ್ಲುವುದೆಂದರೆ ಸುಮ್ಮನೆ ಹೊತ್ತು ಕಳೆಯುವುದಲ್ಲ, ಆಚರಣೆಯ ಒಳಗಿನ ನಿಯಮಗಳನ್ನು ಕಲಿಯುವುದು ಎಂಬುದಕ್ಕೆ ಹನುಕ್ಕಾದ ದೀಪವನ್ನೇ ಹತ್ತಿರದಿಂದ ನೋಡೋಣ. ಒಂಬತ್ತು ಕವಲಿನ ದೀಪಸ್ತಂಭದಲ್ಲಿ ಎಂಟು ಕವಲುಗಳು ಹಬ್ಬದ ಎಂಟು ರಾತ್ರಿಗಳಿಗೆ. ಎತ್ತರದಲ್ಲೋ ಬದಿಯಲ್ಲೋ ಬೇರೆಯಾಗಿ ನಿಲ್ಲುವ ಒಂಬತ್ತನೆಯದು ಶಮಾಷ್, ಅಂದರೆ ಸೇವಕ ದೀಪ. ಮೇಣದಬತ್ತಿಗಳನ್ನು ಬಲದಿಂದ ಎಡಕ್ಕೆ ಜೋಡಿಸುತ್ತಾರೆ. ಹಚ್ಚುವಾಗ ಎಡದಿಂದ ಬಲಕ್ಕೆ ಬರುತ್ತಾರೆ, ಆದ್ದರಿಂದ ಆ ದಿನ ಹೊಸದಾಗಿ ಸೇರಿದ ಬತ್ತಿಯೇ ಮೊದಲು ಬೆಳಗುತ್ತದೆ. ಮೊದಲ ರಾತ್ರಿ ಒಂದು, ಎರಡನೆಯ ರಾತ್ರಿ ಎರಡು ಎಂದು ಏರುತ್ತ ಹೋಗಿ, ಪ್ರತಿ ರಾತ್ರಿಯ ಸೇವಕ ಬತ್ತಿಯೂ ಸೇರಿ ಹಬ್ಬಕ್ಕೆ ಬೇಕಾಗುವುದು ಒಟ್ಟು 44 ಬತ್ತಿಗಳು. ಎಂಟು ದೀಪಗಳ ಬೆಳಕನ್ನು ಓದಲು, ಉಣ್ಣಲು, ಮತ್ತಾವ ಕೆಲಸಕ್ಕೂ ಬಳಸಬಾರದು, ನೋಡುವುದಕ್ಕೆ ಮಾತ್ರ. ಹಾಗಾಗಿ ಊಟದ ಮೇಜಿನ ಅಲಂಕಾರಕ್ಕೆ ಅದನ್ನು ತಂದಿಡುವುದು ಸರಿಯಲ್ಲ. ಕಿಟಕಿಯ ಬಳಿ, ಪರದೆಗೆ ತಾಗದಂತೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಬೇಕು. ಹಚ್ಚಿದ ದೀಪವನ್ನು ಊದಿ ಆರಿಸದೆ ತಾನಾಗಿ ಉರಿದು ಮುಗಿಯಲು ಬಿಡುವುದು ವಾಡಿಕೆ, ಕತ್ತಲಾದ ಮೇಲೆ ಕನಿಷ್ಠ ಅರ್ಧ ಗಂಟೆ ಅದು ಉರಿಯಲೇಬೇಕು. ಅಷ್ಟು ಹೊತ್ತೂ ಯಾರಾದರೊಬ್ಬರು ಅದೇ ಕೋಣೆಯಲ್ಲಿರಲಿ. ಶುಕ್ರವಾರ ಸಂಜೆ ಸಬ್ಬತ್ತಿನ, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿ ದಿನದ ದೀಪಗಳಿಗಿಂತ ಮುಂಚೆಯೇ ಇದನ್ನು ಹಚ್ಚಬೇಕಾದ್ದರಿಂದ, ಆ ದಿನ ಮನೆಯ ಉಳಿದ ಕಾರ್ಯಕ್ರಮಗಳನ್ನು ಸೂರ್ಯಾಸ್ತಕ್ಕೆ ಅಡ್ಡ ಬರದಂತೆ ಇಟ್ಟುಕೊಳ್ಳಬೇಕು. ಇಷ್ಟನ್ನು ತಿಳಿದ ಅತಿಥಿ ಆತಿಥೇಯರು ಕೇಳುವ ಮೊದಲೇ ಮೇಜು ಖಾಲಿ ಮಾಡಿಕೊಟ್ಟರೆ, ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಉಡುಗೊರೆ ಬೇರೆ ಬೇಕಾಗುವುದಿಲ್ಲ.

ಕ್ರಿಸ್‌ಮಸ್ ಮರಕ್ಕೆ ಯೆಹೂದ್ಯರ ಗುರುತಾದ ದಾವೀದನ ನಕ್ಷತ್ರ ತೂಗುಹಾಕುವುದನ್ನು, ಎರಡೂ ಹಬ್ಬಗಳ ದೀಪಗಳನ್ನು ಒಂದೇ ತಟ್ಟೆಯಲ್ಲಿ ಸೇರಿಸುವುದನ್ನು ನಾನು ಒಪ್ಪದಿರುವುದಕ್ಕೆ ಇದೇ ಕಾರಣ. ಹನುಕ್ಕಾ ಸ್ಮರಿಸುವ ಘಟನೆಯೇ ಕ್ರಿಸ್ತಪೂರ್ವ ಎರಡನೆಯ ಶತಮಾನದ್ದು. ನಾಲ್ಕನೆಯ ಆಂಟಿಯೋಕಸ್ ದೊರೆ ಯೆಹೂದ್ಯರ ಆಚರಣೆಗಳನ್ನು ನಿಷೇಧಿಸಿ, ಜೆರುಸಲೇಮಿನ ದೇವಾಲಯದಲ್ಲಿ ಬೇರೆ ದೇವರ ಪೂಜೆಯನ್ನು ಹೇರಿದಾಗ ಮಕಬಿಯರೆಂಬ ಯೆಹೂದ್ಯ ಹೋರಾಟಗಾರರು ಎದ್ದು ಹೋರಾಡಿ, ದೇವಾಲಯವನ್ನು ಮರಳಿ ಪಡೆದು ಶುದ್ಧಗೊಳಿಸಿ ಸಮರ್ಪಿಸಿದರು. ಕರಗಿಹೋಗಲು ಒಪ್ಪದವರ ನೆನಪಿನ ಹಬ್ಬವನ್ನು ‘ಯೆಹೂದ್ಯರ ಕ್ರಿಸ್‌ಮಸ್’ ಎಂದು ಕರೆದು ಇನ್ನೊಂದರಲ್ಲಿ ಕರಗಿಸಿಬಿಟ್ಟರೆ, ಒಳ್ಳೆಯ ಮನಸ್ಸಿನಿಂದಲೇ ಅದರ ಅರ್ಥವನ್ನು ತಲೆಕೆಳಗು ಮಾಡಿದ ಹಾಗಾಗುತ್ತದೆ. ಇದೇ ಎಚ್ಚರ ಕ್ರಿಸ್‌ಮಸ್‌ಗೂ ಸಲ್ಲಬೇಕು. ಕ್ರೈಸ್ತ ತಾಯಿ ಅಥವಾ ತಂದೆ ಸುವಾರ್ತೆಯಲ್ಲಿ ಬರುವ ಯೇಸುವಿನ ಜನನದ ಕಥೆಯನ್ನು ಮಕ್ಕಳಿಗೆ ಓದಿ ಹೇಳುವ ಹೊತ್ತಿನಲ್ಲಿ ಇನ್ನೊಬ್ಬರು ‘ಇದೆಲ್ಲ ಬರೀ ಕಥೆ’ ಎಂದು ಸೇರಿಸಬಾರದು. ಹೇಳಲೇಬೇಕೆಂದಿದ್ದರೆ ಅದಕ್ಕೆ ವರ್ಷದಲ್ಲಿ ಬೇರೆ ದಿನಗಳಿವೆ.

ಎಲ್ಲರಿಗೂ ಸೇರಿದ ಒಂದು ಸಂಜೆ

ಒಟ್ಟಿಗೆ ಮಾಡುವುದಕ್ಕೆ ನಿಜವಾದ ಸಾಮಾನ್ಯ ನೆಲ ಯಾವುದು? ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿರುವುದರಿಂದ ಬರುವ ದೀರ್ಘ ರಾತ್ರಿ ಎಲ್ಲ ನಂಬಿಕೆಯವರ ಮೇಲೂ ಒಂದೇ ರೀತಿ ಕವಿಯುತ್ತದೆ. ಇರಾನಿನವರು ಆ ರಾತ್ರಿಯನ್ನು ಯಲ್ದಾ ಎಂದು ಕರೆದು, ಮನೆಯ ಹಿರಿಯರ ಬಳಿ ಸೇರಿ, ದಾಳಿಂಬೆ ಕಲ್ಲಂಗಡಿ ತಿನ್ನುತ್ತ, ಹಾಫಿಜ್ ಕವಿಯ ಪದ್ಯಗಳನ್ನು ಓದುತ್ತ ತಡರಾತ್ರಿಯವರೆಗೆ ಎಚ್ಚರವಿರುತ್ತಾರೆ. 2022ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪ್ರಕೃತಿಪೂಜಕರಿಗೆ ಈ ರಾತ್ರಿಯೇ ಯೂಲ್ ಎಂಬ ಧಾರ್ಮಿಕ ಹಬ್ಬ ಎಂಬುದು ನೆನಪಿರಲಿ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಆ ರಾತ್ರಿಯ ಆತಿಥ್ಯ ಅವರದು. ಸಾಮಾನ್ಯ ಸಂಜೆಗೆ ಬೇರೊಂದು ದಿನ ಆರಿಸಿಕೊಳ್ಳಿ.

ಆ ಸಂಜೆಯನ್ನು ಹೀಗೆ ನಡೆಸಬಹುದು. ಕತ್ತಲಾದ ಮೇಲೆ ಮನೆಯ ಎಲ್ಲ ದೀಪಗಳನ್ನೂ ಫೋನುಗಳನ್ನೂ ಆರಿಸಿ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಮೊದಲ ಎರಡು ನಿಮಿಷ ಮಕ್ಕಳು ಕಿಸಿಕಿಸಿ ನಗುತ್ತಾರೆ, ನಗಲಿ. ಕಣ್ಣು ಕತ್ತಲೆಗೆ ಹೊಂದಿಕೊಂಡು ಪಕ್ಕದವರ ಉಸಿರು ಕೇಳಿಸತೊಡಗಿದಾಗ ನಗು ತಾನಾಗಿ ನಿಲ್ಲುತ್ತದೆ. ಆಗ ಮನೆಯ ಅತ್ಯಂತ ಕಿರಿಯರು ಮೊದಲ ದೀಪ ಹಚ್ಚಲಿ, ಬೆಂಕಿಗೆ ಕೈ ಹಾಕದಷ್ಟು ಚಿಕ್ಕವರಾದರೆ ಹಿರಿಯರು ಕೈ ಹಿಡಿದು ಹಚ್ಚಿಸಲಿ. ಅದರಿಂದ ಪ್ರತಿಯೊಬ್ಬರೂ ತಮ್ಮದನ್ನು ಹಚ್ಚಿಕೊಳ್ಳುತ್ತ, ಆ ವರ್ಷ ತಮಗೆ ದೊರೆತ ಯಾವುದಾದರೊಂದನ್ನು, ಅಥವಾ ಅಗಲಿದ ಒಬ್ಬರನ್ನು, ಒಂದೇ ಮಾತಿನಲ್ಲಿ ನೆನೆಯಲಿ. ಪ್ರಾರ್ಥಿಸುವವರು ಮನಸ್ಸಿನಲ್ಲೇ ಪ್ರಾರ್ಥಿಸಿಕೊಳ್ಳಬಹುದು, ಧ್ಯಾನ ಮಾಡುವವರು ಹಾಗೆಯೇ ಕುಳಿತಿರಬಹುದು. ದಾನಕ್ಕೆಂದು ತೆಗೆದಿಟ್ಟ ಹಣವನ್ನು ಯಾರಿಗೆ ಕೊಡಬೇಕೆಂದು ಆ ಬೆಳಕಿನಲ್ಲಿ ಎಲ್ಲರೂ ಕೂಡಿ ತೀರ್ಮಾನಿಸುವುದು ನನಗೆ ಬಹಳ ಇಷ್ಟವಾದ ಭಾಗ. ಬೇರೆ ಮಾತುಗಳಲ್ಲಿ ಭಿನ್ನರಾದವರು ಕೂಡ ಇಲ್ಲಿ ಬೇಗ ಒಂದಾಗುತ್ತಾರೆ.

ನಾವೇ ಹುಟ್ಟುಹಾಕಿದ್ದು ಸಂಪ್ರದಾಯವಾದೀತೇ ಎಂದು ಹಿಂಜರಿಯುವವರಿಗೆ ಚರಿತ್ರೆ ಧೈರ್ಯ ಕೊಡುತ್ತದೆ. ಗೋದಲಿಯನ್ನು ಕಟ್ಟುವ ಪದ್ಧತಿ ಹರಡಲು ಕಾರಣವಾದದ್ದು, ಅಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಜೀವಂತ ಎತ್ತು ಮತ್ತು ಕತ್ತೆಯನ್ನು ತಂದು ನಿಲ್ಲಿಸಿ ತೋರಿಸಿದ ದೃಶ್ಯ. ಆಗಮನ ಕಾಲದ ದೀಪಮಾಲೆಯ ಮೂಲವನ್ನು, 1839ರಲ್ಲಿ ಹ್ಯಾಂಬರ್ಗಿನ ಪಾದ್ರಿ ಯೋಹಾನ್ ಹಿನ್ರಿಖ್ ವಿಖರ್ನ್ ತಾವು ಸಾಕುತ್ತಿದ್ದ ಬಡಮಕ್ಕಳಿಗಾಗಿ ಬಂಡಿಯ ಚಕ್ರದ ಮೇಲೆ ಜೋಡಿಸಿದ ಬತ್ತಿಗಳಲ್ಲಿ ಗುರುತಿಸುತ್ತಾರೆ. ಆಫ್ರಿಕನ್ ಅಮೆರಿಕನ್ನರು ಡಿಸೆಂಬರ್ 26ರಿಂದ ಏಳು ದಿನ ಆಚರಿಸುವ ಕ್ವಾಂಜಾ ಆರಂಭವಾದದ್ದು 1966ರಲ್ಲಿ.

ಮಕ್ಕಳು ಮತ್ತು ಹಿರಿಯರು

‘ಯೇಸು ದೇವರಾ?’ ಎಂದು ಮಗು ಊಟದ ನಡುವೆ ಕೇಳಿದಾಗ ಮಾತು ತೇಲಿಸಬೇಡಿ. ‘ಅಮ್ಮ ಹೌದು ಅಂತ ನಂಬುತ್ತಾಳೆ. ನಾನು ಅವರನ್ನು ದೊಡ್ಡ ಪ್ರವಾದಿ ಅಂತ ನಂಬುತ್ತೇನೆ. ನೀನು ದೊಡ್ಡವಳಾದ ಮೇಲೆ ಯೋಚಿಸು, ಯಾವಾಗ ಬೇಕಾದರೂ ನಮ್ಮಿಬ್ಬರನ್ನೂ ಕೇಳು’ ಎಂದು ಅಪ್ಪ ಹೇಳಿದರೆ ಮಗುವಿಗೆ ಅರ್ಥವಾಗುತ್ತದೆ. ಎಲ್ಲವೂ ಒಂದೇ ಎಂದು ಹೇಳಿ ಸುಮ್ಮನಾಗಿಸುವುದು ಸುಲಭ, ಆದರೆ ಅಪ್ಪ ಒಂದು ಕಡೆ, ಅಮ್ಮ ಇನ್ನೊಂದು ಕಡೆ ಪ್ರಾರ್ಥಿಸುವುದನ್ನು ಕಣ್ಣಾರೆ ಕಾಣುವ ಮಗು ಅದನ್ನು ನಂಬುವುದಿಲ್ಲ. ನಿಜವಾಗಿ ಹೊಂದುವ ಕಡೆ ಹೊಂದಿಕೆಯನ್ನು ತೋರಿಸಿ: ಕುರ್‌ಆನಿನ ಹತ್ತೊಂಬತ್ತನೆಯ ಅಧ್ಯಾಯಕ್ಕೆ ಯೇಸುವಿನ ತಾಯಿ ಮರ್ಯಮ್ ಅವರದೇ ಹೆಸರು, ಖರ್ಜೂರದ ಮರದ ಬುಡದಲ್ಲಿ ಅವರು ಪ್ರಸವವೇದನೆ ಪಡುವ ವರ್ಣನೆ ಅಲ್ಲಿದೆ. ಸುವಾರ್ತೆಯ ಜನನದ ಕಥೆಯನ್ನೂ ಇದನ್ನೂ ಒಂದೇ ವಾರದಲ್ಲಿ ಓದಿಸಿದರೆ, ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂದು ಮಕ್ಕಳೇ ಹೇಳುತ್ತಾರೆ.

ಅಜ್ಜ ಅಜ್ಜಿಯರಿಗೆ ನಿಮ್ಮ ಏರ್ಪಾಡನ್ನು ಹಬ್ಬದ ದಿನ ಬಾಗಿಲಲ್ಲಿ ನಿಂತು ವಿವರಿಸುವ ಬದಲು ಮೊದಲೇ ತಿಳಿಸಿ. ಹೇಳಬೇಕಾದವರು ಅವರ ಸ್ವಂತ ಮಗ ಅಥವಾ ಮಗಳೇ, ಸೊಸೆಯ ಅಥವಾ ಅಳಿಯನ ಮೇಲೆ ಆ ಹೊರೆ ಹಾಕಬಾರದು. ಅವರಿಗೂ ಒಂದು ಕೆಲಸ ಕೊಡಿ, ತಮ್ಮ ಹಬ್ಬದ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುವ ಕೆಲಸಕ್ಕೆ ಅವರಿಗಿಂತ ತಕ್ಕವರಿಲ್ಲ. ಅಡುಗೆಯ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ: ಅತ್ಯಂತ ಕಟ್ಟುನಿಟ್ಟಿನ ಪಥ್ಯ ಯಾರದೋ ಅವರು ಉಣ್ಣಬಹುದಾದ ಎರಡು ಪದಾರ್ಥಗಳು ಎಲ್ಲ ಊಟದಲ್ಲೂ ಇರಲಿ, ಅವನ್ನು ಬಡಿಸುವ ಸೌಟು ಬೇರೆಯಾಗಿರಲಿ.

ಜನವರಿ ಎರಡನೆಯ ವಾರ, ಅಲಂಕಾರಗಳನ್ನು ಪೆಟ್ಟಿಗೆಗೆ ತುಂಬುವಾಗ, ಪ್ರತಿ ಹಬ್ಬದ ಸಾಮಾನನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು ಒಂದೊಂದರ ಮೇಲೂ ಒಂದು ಚೀಟಿ ಅಂಟಿಸಿ. ಯಾವುದು ಚೆನ್ನಾಗಿ ನಡೆಯಿತು, ಯಾರು ಎಲ್ಲಿ ಮುಜುಗರಪಟ್ಟರು, ಮುಂದಿನ ಬಾರಿ ಯಾವುದನ್ನು ಬಿಡಬೇಕು ಎಂಬ ಮೂರು ಸಾಲು, ಅದರ ಕೆಳಗೆ ಬರುವ ವರ್ಷ ಆ ಹಬ್ಬ ಬೀಳುವ ದಿನಾಂಕ, ಇಷ್ಟು ಅದರಲ್ಲಿದ್ದರೆ ಅಕ್ಟೋಬರಿನ ಮಾತುಕತೆಯನ್ನು ಅಲ್ಲಿಂದಲೇ ಆರಂಭಿಸಬಹುದು.