ಕಿಡ್ನಿ ತೊಂದರೆ ಇದ್ದವರಿಗೆ ಆಲೂಗಡ್ಡೆ ಪಲ್ಯ: ನೀರು ಬಸಿಯುವುದೇ ಮುಖ್ಯ

ದಾವಣಗೆರೆಯಲ್ಲಿ ಹುಟ್ಟಿದವರಿಗೆ ಬೆಣ್ಣೆದೋಸೆ ಜೊತೆ ಆಲೂಗಡ್ಡೆ ಪಲ್ಯ ಬೇಡ ಅನ್ನುವುದು ಕಷ್ಟ. ನಮ್ಮ ಮಾವನವರಿಗೆ ಕಿಡ್ನಿ ತೊಂದರೆ ಅಂತ ಗೊತ್ತಾದಾಗ ಡಾಕ್ಟರು ಪೊಟ್ಯಾಸಿಯಂ ಕಡಿಮೆ ಮಾಡಿ ಅಂದರು. ನಾವು ಉಪ್ಪು ಕಡಿಮೆ ಮಾಡಿದೆವು, ಪೊಟ್ಯಾಸಿಯಂ ಅನ್ನುವ ಖನಿಜ ಜಾಸ್ತಿ ಇರುವ ಆಲೂಗಡ್ಡೆ ಮಾತ್ರ ಇಡಿಯಾಗೇ ಕುಕ್ಕರಿಗೆ ಹೋಗುತ್ತಿತ್ತು. ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹಾಗೇ ನಡೆದಿದೆ.

ಹೆಚ್ಚಾದ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಹಾಕುವುದು ಕಿಡ್ನಿ. ಅದು ಸೋತರೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತದೆ. ಹೃದಯ ಬಡಿಯುವುದು ಸಣ್ಣ ವಿದ್ಯುತ್ತಿನಿಂದ ಅಲ್ವಾ? ಪೊಟ್ಯಾಸಿಯಂ ಏರಿದರೆ ಅದರ ಲಯ ತಪ್ಪುತ್ತದೆ. ಬಡಿತ ನಿಧಾನವಾಗಬಹುದು, ನಿಂತೂ ಹೋಗಬಹುದು. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್ (mmol/L) ಇದ್ದರೆ ಸರಿ. 6 ದಾಟಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಎಷ್ಟೋ ಸಲ ಮುನ್ಸೂಚನೆಯೇ ಇರುವುದಿಲ್ಲ.

ಮೊದಲು ಸಿಪ್ಪೆ ತೆಗೆದು ತೊಳೆಯಿರಿ.

ಆಮೇಲೆ ಹೆಚ್ಚುವುದು. ಎಲ್ಲರೂ ಎಡವುವುದು ಇಲ್ಲೇ. ತುಂಡು ಸಣ್ಣದಾದಷ್ಟೂ ಪೊಟ್ಯಾಸಿಯಂ ನೀರಿಗೆ ಬಿಡುತ್ತದೆ. ಸಣ್ಣ ಚೌಕಗಳಾಗಿ ಹೆಚ್ಚಿ ಕುದಿಸಿದರೆ ಅರ್ಧದಷ್ಟು, ತುರಿದು ಕುದಿಸಿದರೆ ಮುಕ್ಕಾಲು ಭಾಗದಷ್ಟು ಹೋಗುತ್ತದೆ. ನಾನಂತೂ ತುರಿಯುತ್ತೇನೆ, ಪಲ್ಯಕ್ಕೆ ಹೇಗೂ ಮಸೆಯಬೇಕು. ರಾತ್ರಿಯಿಡೀ ನೆನೆಸಿಟ್ಟರೆ ಸಾಕು ಅನ್ನುವವರಿದ್ದಾರೆ. ಸುಮ್ನೆ ತಣ್ಣೀರಲ್ಲಿ ನೆನೆಸಿದರೆ ಹೆಚ್ಚೇನೂ ಹೋಗುವುದಿಲ್ಲ, ಕುದಿಸಲೇಬೇಕು.

ದೊಡ್ಡ ಪಾತ್ರೆಯಲ್ಲಿ ಐದು ಪಟ್ಟು ನೀರು ಇಡಿ. ಕುದಿ ಬಂದ ಮೇಲೆ ಆಲೂಗಡ್ಡೆ ಹಾಕಿ, ಮೆತ್ತಗಾಗುವವರೆಗೆ ಬೇಯಿಸಿ. ಜರಡಿಯಲ್ಲಿ ಬಸಿಯಿರಿ. ಆ ನೀರನ್ನು ಮೋರಿಗೇ ಚೆಲ್ಲಿ. ಕಟ್ಟು ಚೆಲ್ಲಲು ನಮ್ಮ ಕಡೆಯವರಿಗೆ ಮನಸ್ಸು ಬರುವುದಿಲ್ಲ, ಸಾರಿಗೆ ಹಾಕಿಬಿಡುತ್ತಾರೆ. ಹಾಗೆ ಮಾಡಿದರೆ ತೆಗೆದದ್ದೆಲ್ಲ ಮತ್ತೆ ತಟ್ಟೆಗೇ ಬರುತ್ತದೆ. ಸೊಪ್ಪಿನ ಬಸ್ಸಾರಿಗೂ ಇದೇ ಮಾತು.

ಒಗ್ಗರಣೆ ಎಂದಿನಂತೆ.

'ಲೋ ಸೋಡಿಯಂ' ಅಂತ ಮಾರುವ ಉಪ್ಪನ್ನು ಮಾತ್ರ ಮುಟ್ಟಬೇಡಿ. ಸೋಡಿಯಂ ಕಡಿಮೆ ಮಾಡಲು ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಬಿಪಿಗೆ ಒಳ್ಳೇದು ಅಂತ ನಾನೂ ಒಂದು ಪ್ಯಾಕೆಟ್ ತಂದಿದ್ದೆ, ಹಿಂದಿನ ಸಣ್ಣ ಅಕ್ಷರ ಓದಿದ ಮೇಲೆ ಬಿಸಾಡಿದೆ. ರೋಗಿ ನೋಡಲು ಬರುವವರು ತರುವ ಎಳನೀರೂ ಬೇಡ, ಅದರಲ್ಲೂ ಪೊಟ್ಯಾಸಿಯಂ ಜಾಸ್ತಿ.

ಇಷ್ಟು ಮಾಡಿದರೂ ಪಲ್ಯ ಎರಡು ಚಮಚಕ್ಕಿಂತ ಹೆಚ್ಚು ಬಡಿಸಬೇಡಿ. ಡಯಾಲಿಸಿಸ್ (ಯಂತ್ರದಿಂದ ರಕ್ತ ಶುದ್ಧಿ) ಮಾಡಿಸುವವರಿಗೆ ನಡುವೆ ಎರಡು ದಿನ ಬಿಡುವಿದ್ದರೆ ಅದೂ ಬೇಡ, ಆಗಲೇ ಪೊಟ್ಯಾಸಿಯಂ ಹೆಚ್ಚು ಏರುವುದು. ಹೋಟೆಲಿಗೆ ಕರೆದುಕೊಂಡು ಹೋದರೆ ಪಲ್ಯ ಇಲ್ಲದ ದೋಸೆ ಕೇಳಿ.