ಕೋವಿ ವಿಡಿಯೋ ಮಾಡುವವರು ಒಂದೇ ವೇದಿಕೆ ನಂಬಿ ಕೂರಬೇಡಿ

ನಾಲ್ಕು ವರ್ಷದ ಹಿಂದೆ ಕೈಲ್‌ಪೊಳ್ದ್ ದಿನ, ಅಂದರೆ ಕೊಡಗಿನ ಆಯುಧ ಪೂಜೆ ಹಬ್ಬದ ದಿನ, ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ಒಂದು ವಿಡಿಯೋ ಮಾಡಿದ್ದೆ. ದೊಡ್ಡಪ್ಪ ಜೋಡಿ ನಳಿಗೆ ಕೋವಿಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ಮೊದಲು ನಳಿಗೆ ಬಾಗಿಸಿ, ಎರಡೂ ತೂತಿಗೆ ಕಿರುಬೆರಳು ಹಾಕಿ "ಖಾಲಿ ಇದೆ, ನೋಡ್ಕೊ" ಅಂತ ಕ್ಯಾಮೆರಾಗೆ ತೋರಿಸಿದರು. ಆಮೇಲೆ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಾ ಅದು ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಹೇಳಿದರು. ಕೊನೆಗೆ ನಳಿಗೆ ತುದಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿದರು. ಹನ್ನೊಂದು ನಿಮಿಷದ ವಿಡಿಯೋ. ಒಂದು ಗುಂಡೂ ಹಾರಿರಲಿಲ್ಲ. ಇಂಟರ್ನೆಟ್‌ಗೆ ಹಾಕಿದ ಎರಡೇ ವಾರದಲ್ಲಿ ವಿಡಿಯೋ ವೇದಿಕೆಯವರು ಅದನ್ನು ತೆಗೆದುಹಾಕಿದರು. ಮೇಲ್ಮನವಿ ಕಳಿಸಿದೆ, ಕಂಪ್ಯೂಟರ್ ಬರೆದ ಎರಡು ಸಾಲಿನ ಉತ್ತರ ಬಂತು. ಫೋನ್‌ನಲ್ಲಿ ಜಾಗ ಇಲ್ಲ ಅಂತ ಮೂಲ ಫೈಲನ್ನು ನಾನೇ ಅಳಿಸಿದ್ದೆ. ದೊಡ್ಡಪ್ಪ ಈಗಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೊಡಗಿನಲ್ಲಿ ಈಗ ಎಷ್ಟೋ ಹುಡುಗರು ಹುಡುಗಿಯರು ಮನೆಯ ಹಳೆ ಕೋವಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗಿನ ಈಡು (ಹಾರಿಸುವ ಗುಂಡು), ಇದನ್ನೆಲ್ಲ ಚೆನ್ನಾಗಿ ಶೂಟ್ ಮಾಡುತ್ತಿದ್ದಾರೆ. ಆ ಕೆಲಸ ಉಳಿಯಬೇಕು.

ಮೊದಲು ಫೈಲ್ ಜೋಪಾನ ಮಾಡಿ. ಮೂಲ ವಿಡಿಯೋ ಎರಡು ಹಾರ್ಡ್ ಡಿಸ್ಕ್‌ನಲ್ಲಿ ಇರಲಿ. ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಅಣ್ಣ ಅಕ್ಕನ ಮನೆಯಲ್ಲಿ. ನಮ್ಮ ಮಳೆಗಾಲದಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಬರುತ್ತದೆ. ಹಾಗಾಗಿ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಿಸ್ಕ್ ಇಡಿ. ಕ್ಯಾಮೆರಾ ಲೆನ್ಸ್‌ಗೂ ಅದೇ ಡಬ್ಬ ಸಾಕು.

ಈಗ ವೇದಿಕೆ ವಿಷಯ. 2018ರ ಮಾರ್ಚ್‌ನಲ್ಲಿ ಯೂಟ್ಯೂಬ್ ತನ್ನ ಬಂದೂಕು ನಿಯಮ ಬಿಗಿ ಮಾಡಿತು. ಬಂದೂಕು ಮಾರುವ ಸೈಟ್‌ಗಳಿಗೆ ಲಿಂಕ್ ಕೊಡುವುದು, ಬಂದೂಕು ಅಥವಾ ಗುಂಡು ತಯಾರಿಸುವುದು ಹೇಗೆ ಅಂತ ತೋರಿಸುವುದು, ಇಂಥದ್ದಕ್ಕೆಲ್ಲ ತಡೆ ಬಿತ್ತು. 2024ರ ಜೂನ್ 18ರಿಂದ ಇನ್ನಷ್ಟು ಬಿಗಿಯಾಯಿತು. ಮನೆಯಲ್ಲೇ ತಯಾರಿಸಿದ ಬಂದೂಕು, ಕುದುರೆ ಒತ್ತಿ ಹಿಡಿದರೆ ಒಂದೇ ಸಮನೆ ಗುಂಡು ಹಾರಿಸುವ ಆಟೋಮ್ಯಾಟಿಕ್ ಬಂದೂಕು ಬಳಸುವ ವಿಡಿಯೋಗಳನ್ನು 18 ದಾಟಿದವರಿಗೆ ಮಾತ್ರ ತೋರಿಸುತ್ತಾರೆ. ವಿಡಿಯೋ ಉಳಿದರೂ ಪಕ್ಕದಲ್ಲಿ ಹಳದಿ ಡಾಲರ್ ಗುರುತು ಬಂತು ಅಂದರೆ ಜಾಹೀರಾತು ಹಣ ಹೆಚ್ಚು ಬರಲ್ಲ.

ಇದನ್ನು ಮೊದಲು ಎದುರಿಸಿದವರು ಅಮೆರಿಕದ ಚಾನೆಲ್‌ಗಳು. ಇನ್‌ರೇಂಜ್ ಟಿವಿ ಅಂತ ಒಂದಿದೆ. 2018ರಲ್ಲಿ ಅವರು ತಮ್ಮ ವಿಡಿಯೋಗಳನ್ನು ಒಂದು ವಯಸ್ಕರ ಸೈಟ್‌ಗೂ ಹಾಕಿ ದೊಡ್ಡ ಸುದ್ದಿಯಾದರು. ಇರಲು ಇನ್ನೊಂದು ಜಾಗ ಬೇಕು ಅನ್ನುವ ಕಷ್ಟ ಅಷ್ಟಿತ್ತು. ಆ ಚಾನೆಲ್ ನಡೆಯುವುದು ನೋಡುಗರು ಕೊಡುವ ಹಣದಲ್ಲಿ. ಹಳೆ ಬಂದೂಕುಗಳ ಇತಿಹಾಸ ಹೇಳುವ ಫರ್ಗಾಟನ್ ವೆಪನ್ಸ್‌ನ ಇಯಾನ್ ಮೆಕಾಲಮ್ ಕೂಡ, ನೋಡುಗರು ತಿಂಗಳು ತಿಂಗಳು ಹಣ ಕೊಡುವ ಪೇಟ್ರಿಯಾನ್ ಅನ್ನುವ ಸೈಟ್‌ನಲ್ಲಿ, ಜನರ ಬೆಂಬಲ ಪಡೆದು ಬೆಳೆದವರು. ಮೊದಲ ಮಹಾಯುದ್ಧದ ಬಂದೂಕುಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಸಿ ಆಂಡ್ ಆರ್‌ಸೆನಲ್‌ದೂ ಅದೇ ದಾರಿ. ನನಗೆ ಇವರಲ್ಲಿ ಇಷ್ಟವಾದದ್ದು ಏನೆಂದರೆ, ಯಾರೂ ಯೂಟ್ಯೂಬ್ ಬಿಟ್ಟು ಸಿಟ್ಟಿನಲ್ಲಿ ಎದ್ದು ಹೋಗಲಿಲ್ಲ. ಅಲ್ಲೂ ಹಾಕುತ್ತಾರೆ, ಬೇರೆ ಕಡೆಯೂ ಇಡುತ್ತಾರೆ. ಯೂಟ್ಯೂಬ್ ಸಂತೆ ಇದ್ದ ಹಾಗೆ, ಜನ ಸಿಗುವುದು ಅಲ್ಲೇ. ಭತ್ತ ಮಾತ್ರ ನಮ್ಮ ಪತ್ತಾಯದಲ್ಲೇ, ಅಂದರೆ ಮನೆಯ ಕಣಜದಲ್ಲೇ, ಇರಬೇಕು.

ಹಾಗಾದರೆ ಪತ್ತಾಯ ಯಾವುದು? ರಂಬಲ್, ಒಡಿಸಿ ಅಂತ ಬೇರೆ ವೇದಿಕೆಗಳಿವೆ. ಒಂದು ಪ್ರತಿ ಅಲ್ಲಿ ಹಾಕಿಡಿ, ನಷ್ಟ ಇಲ್ಲ, ಆದರೆ ಕನ್ನಡ ನೋಡುಗರು ಅಲ್ಲಿ ಜಾಸ್ತಿ ಸಿಗ್ತಾರೆ ಅಂತ ಕಾಯಬೇಡಿ. ಪೀರ್‌ಟ್ಯೂಬ್ ಉಚಿತ ಸಾಫ್ಟ್‌ವೇರ್, ನಿಮ್ಮದೇ ಸರ್ವರ್‌ನಲ್ಲಿ ನಡೆಸಬಹುದು. ಅದಕ್ಕೆ ಕಂಪ್ಯೂಟರ್ ಗೊತ್ತಿರುವ ಒಬ್ಬರು ಜೊತೆಗಿರಬೇಕು. ಹೆಚ್ಚಿನವರಿಗೆ ನಾನು ಹೇಳುವುದು ಇಷ್ಟೇ: ಸ್ವಂತ ಹೆಸರಿನ ಒಂದು ಸಣ್ಣ ವೆಬ್‌ಸೈಟ್ ಮಾಡಿ, ನೋಡುಗರ ಇಮೇಲ್ ವಿಳಾಸ ಕೇಳಿ ಒಂದು ಪಟ್ಟಿ ಇಟ್ಟುಕೊಳ್ಳಿ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಲಕ್ಷ ಲಕ್ಷ ಫಾಲೋವರ್ಸ್ ಇದ್ದವರು ಒಬ್ಬರಿಗೂ "ನಾನು ಇಲ್ಲಿದ್ದೇನೆ" ಅಂತ ಹೇಳಲಾಗದೆ ಕೂತರು, ನೆನಪಿದೆ ಅಲ್ವಾ? ಇನ್ನೂರು ಜನರ ಇಮೇಲ್ ಪಟ್ಟಿ ಇದ್ದರೂ ಆ ಗತಿ ಬರಲ್ಲ.

ಹಣದ ವಿಷಯಕ್ಕೆ ಬರೋಣ. ಕೇಳಲು ನಾಚಿಕೆ ಆಗುತ್ತದೆ, ಗೊತ್ತು. ಆದರೂ ಕೇಳಿ. ಬೆಂಗಳೂರು, ಮುಂಬೈ, ದುಬೈ ಅಂತ ಚದುರಿರುವ ನಮ್ಮವರಿಗೆ ಐನ್‌ಮನೆಯ ಜಗಲಿ ನೋಡಿದರೇ ಕಣ್ಣು ತುಂಬುತ್ತದೆ, ಅವರು ಕೊಡ್ತಾರೆ. ಪೇಟ್ರಿಯಾನ್ ಹೊರದೇಶದವರಿಗೆ ಸರಿ. ನಮ್ಮ ಕಾರ್ಡ್‌ಗಳಲ್ಲಿ ತಿಂಗಳು ತಿಂಗಳು ತಾನಾಗಿ ಹಣ ಹೋಗುವುದಕ್ಕೆ 2021ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮ ಬಿಗಿಯಾಗಿದೆ, ಹೊರದೇಶದ ಸೈಟ್‌ಗೆ ಕಟ್ಟಲು ಹೋದರೆ ಎಷ್ಟೋ ಸಲ ಪಾವತಿ ನಿಂತುಹೋಗುತ್ತದೆ. ಆದ್ದರಿಂದ ಇಲ್ಲಿನವರಿಗೆ ಯುಪಿಐ ಕ್ಯೂಆರ್ ಇಡಿ. ತಿಂಗಳ ಲೆಕ್ಕ ಬೇಕು ಅಂದರೆ ಯುಪಿಐ ಆಟೋಪೇ ಇದೆ. ನನ್ನ ಅನುಭವದಲ್ಲಿ ವರ್ಷಕ್ಕೆ ಎರಡು ಸಲ, ಕೈಲ್‌ಪೊಳ್ದ್‌ಗೆ ಮತ್ತು ಪುತ್ತರಿಗೆ, ನೇರವಾಗಿ ಕೇಳಿದರೆ ಚೆನ್ನಾಗಿ ಬರುತ್ತದೆ. ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಅಂತ ಲೆಕ್ಕ ಬರೆದು ಎಲ್ಲರಿಗೂ ಕಳಿಸಿ. ಮೈಕ್ 2,400 ರೂಪಾಯಿ, ಪೆಟ್ರೋಲ್ 900 ರೂಪಾಯಿ, ಅಷ್ಟು ಬಿಡಿಸಿ. ಕೊಟ್ಟವರಿಗೆ ನಂಬಿಕೆ ಬರುವುದು ಅಲ್ಲೇ. ಬಂದ ಹಣ ಆದಾಯ, ರಿಟರ್ನ್ಸ್‌ನಲ್ಲಿ ತೋರಿಸಬೇಕು.

ಬೆಂಬಲಿಸಿದವರಿಗೆ ಏನು ಕೊಡುವುದು? ಹಿರಿಯರ ಪೂರ್ತಿ ಮಾತಿನ ಉದ್ದ ವಿಡಿಯೋ, ಕೋವಿಯ ಕೆತ್ತನೆಯ ಒಳ್ಳೆ ಫೋಟೋ, ಕೊನೆಯಲ್ಲಿ ಹೆಸರು. ತೋಟದ ಕಾಫಿ ಪುಡಿ ಪೊಟ್ಟಣ ಕಟ್ಟಿ ಮಾರುವ ಯೋಚನೆ ಇದ್ದರೆ ಮೊದಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ. ಬಂದೂಕು ವ್ಯಾಪಾರಿಗಳ ಪ್ರಾಯೋಜಕತ್ವ ಮಾತ್ರ ಬೇಡ ಅನ್ನುತ್ತೇನೆ. ಅವರ ಲಿಂಕ್ ಹಾಕಿದರೆ ವಿಡಿಯೋ ಹೋಗಬಹುದು, ಮತ್ತೆ ಮತ್ತೆ ಹಾಕಿದರೆ ಇಡೀ ಚಾನೆಲ್ಲೇ ಹೋಗಬಹುದು.

ಕೋವಿ ಇಟ್ಟುಕೊಳ್ಳುವ ನಮ್ಮ ಹಕ್ಕಿನ ಬಗ್ಗೆ ವಿಡಿಯೋದಲ್ಲಿ ಹೇಳುವಾಗ ಸರಿಯಾಗಿ ಹೇಳಿ. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಬಂದ ವಿನಾಯಿತಿ ಇದು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ವಿಸ್ತರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ವಿನಾಯಿತಿ ಇದೆ ಅಂತ ಸುಮ್ನೆ ಗಾಳಿಗೆ ಗುಂಡು ಹೊಡೆಯುವ ರೀಲ್ಸ್ ಹಾಕಬೇಡಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ, ಬೇರೆಯವರ ಜೀವಕ್ಕೆ ಅಪಾಯ ಆಗುವ ಹಾಗೆ ಸಂಭ್ರಮದಲ್ಲಿ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಬೇಟೆ ವಿಡಿಯೋ ಅಂತೂ ಬೇಡವೇ ಬೇಡ, 1972ರ ವನ್ಯಜೀವಿ ಕಾಯ್ದೆ ಇದೆ, ನೀವೇ ಸಾಕ್ಷಿ ಕೊಟ್ಟ ಹಾಗಾಗುತ್ತದೆ.

ಶೂಟ್ ಮಾಡುವ ದಿನ ದೊಡ್ಡಪ್ಪ ಮಾಡಿದಂತೆ ಮಾಡಿ. ಕೋವಿ ಕೈಗೆ ಬಂದ ತಕ್ಷಣ ಬಾಗಿಸಿ ಖಾಲಿ ಇದೆ ಅಂತ ತೋರಿಸಿ, ಆ ದೃಶ್ಯ ಕತ್ತರಿಸಬೇಡಿ. ಕೋವಿಯ ನಂಬರ್, ವಿನಾಯಿತಿ ಪತ್ರದ ನಂಬರ್, ಕೋವಿ ಇಡುವ ಜಾಗ, ಮನೆಗೆ ಹೋಗುವ ದಾರಿ ಯಾವುದೂ ಕಾಣಬಾರದು, ಕಳ್ಳರಿಗೂ ಇಂಟರ್ನೆಟ್ ಇದೆ. ತೆಂಗಿನಕಾಯಿ ಸ್ಪರ್ಧೆಗೆ ಹೋದರೆ ಗುಂಡು ಹೊಡೆಯುವವರ ಹಿಂದೆಯೇ ನಿಲ್ಲಿ, ಮುಂದಿನಿಂದ ಒಳ್ಳೆ ಶಾಟ್ ಸಿಗುತ್ತೆ ಅಂತ ಯಾರು ಕರೆದರೂ ಹೋಗಬೇಡಿ. ಈಡಿನ ಸದ್ದಿಗೆ ಫೋನ್ ಮೈಕ್ ಒಡೆದ ಹಾಗೆ ಕೇಳುತ್ತದೆ. ಮೈಕ್ ಸದ್ದು ಹಿಡಿಯುವ ಮಟ್ಟ (ಗೇನ್) ಇಳಿಸಿ, ಇಲ್ಲವೇ ಇನ್ನೊಂದು ಫೋನನ್ನು ಐವತ್ತು ಹೆಜ್ಜೆ ಹಿಂದೆ ಇಟ್ಟು ಸದ್ದು ಬೇರೆಯಾಗಿ ಹಿಡಿಯಿರಿ. ಕಾಯಿ ಒಡೆದಾಗ ಜನ ಕೂಗುವ ಸದ್ದು ಅದರಲ್ಲಿ ಚೆನ್ನಾಗಿ ಬರುತ್ತದೆ. ಮನೆಗೆ ಬಂದ ಮೇಲೆ ಊಟಕ್ಕೆ ಕೂರುವ ಮೊದಲು ಎರಡೂ ಫೈಲನ್ನು ಡಿಸ್ಕ್‌ಗೆ ಹಾಕಿ.